ಬೆಲ್ಲಕ್ಕೆ ಏಳದ ಸೀಸಾ

ದೇವರು ಮೈಮೇಲೆ ಬರುತ್ತದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ದೆವ್ವ ಕಂಡೆ ಎನ್ನುವವರನ್ನು ಕಂಡರಂತೂ ಇನ್ನೂ ಆಗುವುದಿಲ್ಲ. ಅಂಥವರು ಬಾಯಿ ತೆರೆದರೆ ನಾನು ಎದ್ದು ಹೋಗುತ್ತೇನೆ. ಎದ್ದು ಹೋಗಲು ಆಗದ ಕಡೆ, ಬಸ್ಸಿನಲ್ಲೋ ಮದುವೆಯ ಪಂಕ್ತಿಯಲ್ಲೋ ಸಿಕ್ಕಿಕೊಂಡರೆ, ಮುಖ ತಿರುಗಿಸಿ ಕೂರುತ್ತೇನೆ. ಈಗಲೂ ಹಾಗೆಯೇ. ಕೆಳಗೆ ಬರೆದಿರುವುದನ್ನು ಓದಿ, ಇವನಿಗೂ ಕೊನೆಗೆ ಬುದ್ಧಿ ಬಂತು ಎಂದು ಯಾರೂ ಹಿಗ್ಗಬೇಕಾಗಿಲ್ಲ. ನನಗೆ ಬುದ್ಧಿ ಬಂದಿಲ್ಲ. ಒಂದು ಸಂಜೆ ನಡೆದದ್ದು ಹತ್ತು ಹನ್ನೆರಡು ವರ್ಷವಾದರೂ ತಲೆಯಿಂದ ಇಳಿದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇಂಥ ಕತೆಗಳಿಗೆ ಅಮಾವಾಸ್ಯೆ ಬೇಕು, ನಡುರಾತ್ರಿ ಬೇಕು, ನಾಯಿ ಊಳಿಡಬೇಕು. ನನ್ನದರಲ್ಲಿ ಅದೊಂದೂ ಇಲ್ಲ. ನಡೆದದ್ದು ಸಂಜೆ ಶಾಲೆ ಬಿಟ್ಟ ಹೊತ್ತಿನಲ್ಲಿ, ರಾಮನಗರದ ಒಂದು ಬಡಾವಣೆಯ ಮಕ್ಕಳ ಆಟದ ಮೈದಾನದಲ್ಲಿ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಹತ್ತಾರು ಜನರ ಎದುರಿಗೆ.

ನಾನು ಕಬ್ಬಿಣದವನು. ಬಿಡದಿ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ಡು ಇದೆ. ಗೇಟು, ಗ್ರಿಲ್ಲು ಮಾಡುತ್ತಿದ್ದವನು ಆಮೇಲೆ ಪಾರ್ಕುಗಳಿಗೆ ಜಾರುಬಂಡೆ, ಉಯ್ಯಾಲೆ, ಏರಿಳಿಯುವ ಸೀಸಾ ಮಾಡಿಕೊಡುವುದಕ್ಕೆ ಶುರು ಮಾಡಿದೆ. ಈ ಕೆಲಸದಲ್ಲಿ ಮನುಷ್ಯರ ಬಗ್ಗೆ ಒಳ್ಳೆಯ ಅಭಿಪ್ರಾಯ ಉಳಿಸಿಕೊಳ್ಳುವುದು ಕಷ್ಟ. ಮಕ್ಕಳ ಮೈದಾನ ಎಂದು ಹೆಸರಿಟ್ಟು ಉದ್ಘಾಟನೆ ಮಾಡುತ್ತಾರೆ. ಮೂರು ತಿಂಗಳಿಗೆ ಅಲ್ಲಿ ದೊಡ್ಡವರು ನಡೆಯುವುದಕ್ಕೆ ಸಿಮೆಂಟಿನ ಹಾದಿ ಬರುತ್ತದೆ. ಆರು ತಿಂಗಳಿಗೆ ಚೆಂಡಾಟ ನಿಷೇಧಿಸಿದೆ ಎಂಬ ಬೋರ್ಡು ಬರುತ್ತದೆ. ಉಯ್ಯಾಲೆಯ ಮೇಲೆ ಮಕ್ಕಳ ಬದಲು ಮೊಬೈಲು ಹಿಡಿದ ಗಂಡಸರು ಕೂತು ಸರಪಳಿ ಜಗ್ಗುತ್ತಾರೆ. ಜಾರುಬಂಡೆಯ ಮೇಲೆ ಹಪ್ಪಳ ಒಣಗುತ್ತದೆ. ಅದನ್ನೆಲ್ಲ ನೋಡಿ ನೋಡಿ ನಾನು ಯಾರಿಗೂ ಏನೂ ಹೇಳುವುದನ್ನು ಬಿಟ್ಟಿದ್ದೆ.

ಸೀಸಾ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಉದ್ದನೆಯ ಪೈಪು, ನಡುವೆ ಬೇರಿಂಗು, ಎರಡು ತುದಿಗೆ ಒಂದೊಂದು ಸೀಟು, ಸೀಟಿನ ಮುಂದೆ ಕೈಹಿಡಿ. ಅಷ್ಟೇ. ತುದಿ ನೆಲಕ್ಕೆ ತಾಗುವ ಕಡೆ ಹಳೆಯ ಟೈರಿನ ತುಂಡು ಹೂಳುತ್ತೇನೆ. ಯಾಕೆಂದರೆ ಮಕ್ಕಳೂ ಮನುಷ್ಯರೇ. ಎದುರಿಗಿರುವವನು ಮೇಲೆ ಇರುವಾಗ ಕೆಳಗಿನವನು ಬೇಕೆಂದೇ ಛಕ್ಕನೆ ಎದ್ದುಬಿಡುತ್ತಾನೆ, ಮೇಲಿನವನು ಧಡಾರನೆ ಬಂದು ಬೀಳುತ್ತಾನೆ, ಕೆಳಗಿನವನು ನಗುತ್ತಾನೆ. ನೂರಕ್ಕೆ ಒಂದು ಮಗು ಇರುತ್ತದೆ, ತಾನು ಇಳಿಯುವಾಗ ಕೈಹಿಡಿ ಬಿಡದೆ, ಕಾಲೂರಿಕೊಂಡು, ಎದುರಿನವರನ್ನು ಮೆಲ್ಲಗೆ ನೆಲ ಮುಟ್ಟಿಸುವುದು. ಟೈರಿನ ತುಂಡು ಮಿಕ್ಕವರಿಗಾಗಿ.

ಆ ದಿನ ಸಂಜೆ ಆ ಬಡಾವಣೆಯ ವಾರ್ಡ್ ಮೆಂಬರ್ ಫೋನು ಮಾಡಿದ. "ಅಣ್ಣ, ನಿಮ್ ಸೀಸಾ ಕಚ್ಕೊಂಬುಟ್ಟೈತೆ. ಹೆಂಗಸ್ರು ಸೇರವ್ರೆ, ಅಳ್ತಾವ್ರೆ. ಒಸಿ ಬಂದು ನೋಡಿ" ಎಂದ. ಸೀಸಾ ಕಚ್ಚಿಕೊಂಡು ಅಲುಗದಿದ್ದರೆ ಹೆಂಗಸರು ಯಾಕೆ ಅಳಬೇಕು ಎಂದು ಕೇಳಿದೆ. ಅವನು, "ತುಲಾಭಾರ ಮಾಡ್ತಾವ್ರೆ" ಎಂದ. ನಾನು ನಕ್ಕೆ. ಆಮೇಲೆ ಸಿಟ್ಟು ಬಂತು. ನನ್ನ ಸಾಮಾನು ಕೆಟ್ಟಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರೆ ಮುಂದಿನ ಪಾರ್ಕು ಇನ್ಯಾರ ಪಾಲಿಗೋ ಹೋಗುತ್ತದೆ. ಸ್ಪ್ಯಾನರ್, ಗ್ರೀಸಿನ ಡಬ್ಬಿ, ಮಟ್ಟ ನೋಡುವ ರಸಮಟ್ಟ ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿದೆ.

ಅಲ್ಲಿ ಕಂಡದ್ದು ಇದು. ಸೀಸಾದ ಒಂದು ತುದಿಗೆ ದೊಡ್ಡ ಬಿದಿರಿನ ಮಂಕರಿಯನ್ನು ಹಗ್ಗದಿಂದ ಬಿಗಿದಿದ್ದರು. ಮಂಕರಿಯ ತುಂಬ ಅಚ್ಚು ಬೆಲ್ಲ. ಪೈಪಿಗೆ ಅರಿಸಿನ ಕುಂಕುಮ, ಒಂದು ಮೊಳ ಸೇವಂತಿಗೆ. ಇನ್ನೊಂದು ತುದಿಯಲ್ಲಿ ಹೊಸ ಲಂಗ ಉಟ್ಟ ಐದಾರು ವರ್ಷದ ಹುಡುಗಿ ಕೂತಿದ್ದಳು. ಹುಡುಗಿಯ ತುದಿ ನೆಲದಲ್ಲಿತ್ತು, ಬೆಲ್ಲದ ಮಂಕರಿ ಮೇಲೆ ಗಾಳಿಯಲ್ಲಿತ್ತು. ಸುತ್ತ ಬೀದಿಯ ಹೆಂಗಸರು, ವಾಕಿಂಗ್ ನಿಲ್ಲಿಸಿ ಬಂದ ನಿವೃತ್ತರು, ಸೀಸಾ ತಮಗೆ ಬಿಟ್ಟುಕೊಡಲಿಲ್ಲವೆಂದು ಮುಖ ಊದಿಸಿಕೊಂಡ ಮಕ್ಕಳು.

ಹುಡುಗಿಯ ಹೆಸರು ಹರ್ಷಿತಾ. ಹರಕೆ ಅವಳ ಅಜ್ಜಿ ಚಿಕ್ಕತಾಯಮ್ಮನದು. ಅವರು ಮರಳವಾಡಿ ಕಡೆಯವರು, ಕುರಿ ಸಾಕಿದ ಮನೆತನ. ಮಗ ಮಹದೇವ ಬಿಡದಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸದವನು, ಈ ಬಡಾವಣೆಯಲ್ಲಿ ಬಾಡಿಗೆಗಿದ್ದ. ಮಗುವಿಗೆ ಜ್ವರ ಬಂದು ಆಸ್ಪತ್ರೆಯಲ್ಲಿ ಬದುಕಿದರೆ ಬದುಕಿತು ಎಂಬಂತಾಗಿ ಉಳಿದುಕೊಂಡಿತಂತೆ. ಮಗು ಉಳಿದರೆ ಅದರ ತೂಕದಷ್ಟು ಬೆಲ್ಲ ಕೊಡುತ್ತೇನೆಂದು ಅಜ್ಜಿ ಊರಿನ ದೇವರಿಗೆ ಹೇಳಿಕೊಂಡಿದ್ದರಂತೆ. ಈಗ ನೋಡಿದರೆ ಊರಿನ ಗುಡಿ ಜೀರ್ಣೋದ್ಧಾರಕ್ಕೆಂದು ಬಿಚ್ಚಿ ಹಾಕಿದ್ದಾರೆ, ತಕ್ಕಡಿ ಎಲ್ಲೋ ಗೋಡೌನಿನಲ್ಲಿದೆ. ಇದ್ದಲ್ಲೇ ತೂಗಿ ಬೆಲ್ಲ ತಂದುಕೊಡಿ, ನಡೆಯುತ್ತದೆ ಎಂದು ಪೂಜಾರಿ ಹೇಳಿದ್ದಾನೆ.

"ತೂಗೋಕೆ ಅಂಗ್ಡೀಲಿ ಮಿಷನ್ ಇರ್ಲಿಲ್ವ?" ಎಂದು ಕೇಳಿದೆ.

"ಮಿಷನ್ನು ನಂಬರ್ ತೋರ್ಸ್ತದೆ ಕಣಪ್ಪ, ತೂಗಾಕಿಲ್ಲ" ಎಂದರು ಚಿಕ್ಕತಾಯಮ್ಮ. "ಬೆಲ್ಲ ಕೆಳೀಕೆ ಬರ್ಬೇಕು, ಕೂಸು ಮ್ಯಾಕೆ ಏಳ್ಬೇಕು. ಅದು ಕಣ್ಗೆ ಕಾಣ್ಬೇಕು. ಏಳ್ದೆ ಇದ್ರೆ ದ್ಯಾವ್ರು ಒಪ್ಲಿಲ್ಲ ಅಂತ್ಲೇ."

"ಗುಡಿ ಕಟ್ಟೋವರ್ಗೂ ಕಾಯ್ಬಹುದಿತ್ತು."

"ಒಂದ್ ದಪ ಮುಂದಾಕಿ ಕೆಟ್ಟಿವ್ನಿ. ಇನ್ನೊಂದ್ ದಪ ಆಗಾಕಿಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ, ಕೇಳುವ ವ್ಯವಧಾನವೂ ಇರಲಿಲ್ಲ. ಮಕ್ಕಳ ಆಟದ ಸಾಮಾನನ್ನು ತಕ್ಕಡಿ ಮಾಡಿಕೊಂಡ ಇವರ ಜಾಣತನಕ್ಕೆ ಏನು ಹೇಳಬೇಕೋ ತಿಳಿಯದೆ ಚೀಲ ಕೆಳಗಿಟ್ಟೆ.

ಆಸ್ಪತ್ರೆಯ ಚೀಟಿಯಲ್ಲಿದ್ದ ತೂಕಕ್ಕಿಂತ ಹೆಚ್ಚೇ ಬೆಲ್ಲ ತಂದಿದ್ದರು. ಎಲ್ಲ ಸುರಿದರೂ ಮಗು ಏಳಲಿಲ್ಲವಂತೆ. ಬೇರಿಂಗ್ ಕಚ್ಚಿದೆ, ಇನ್ನೇನು? ಮಂಕರಿ ಬಿಚ್ಚಿಸಿದೆ. ಹುಡುಗಿಯನ್ನು ಎತ್ತಿ ಕೆಳಗಿಳಿಸಿದೆ. ಜ್ವರದಲ್ಲಿ ಇಳಿದುಹೋದ ಮೈ, ಎತ್ತಿದರೆ ಕೈಯಲ್ಲಿ ಏನೂ ಇದ್ದಂತೆ ಅನ್ನಿಸಲಿಲ್ಲ. ಖಾಲಿ ಪೈಪನ್ನು ಒಂದು ಬೆರಳಿನಿಂದ ಒತ್ತಿದೆ. ಬೆಣ್ಣೆಯ ಹಾಗೆ ಇಳಿಯಿತು. ಇನ್ನೊಂದು ತುದಿಗೆ ಹೋಗಿ ಒತ್ತಿದೆ. ಅದೂ ಇಳಿಯಿತು. ಮೇಲೆತ್ತಿ ಕೈ ಬಿಟ್ಟೆ, ಧಡ್ ಎಂದು ಟೈರಿಗೆ ಬಡಿಯಿತು. "ಎಲ್ಲಿ ಕಚ್ಚಿದೆ?" ಎಂದು ಮೆಂಬರನ ಕಡೆ ನೋಡಿದೆ. ಅವನು ಆಕಾಶ ನೋಡಿದ.

ಮಂಕರಿಯನ್ನು ಮತ್ತೆ ಕಟ್ಟಿ, ಹುಡುಗಿಯನ್ನು ಎದುರು ತುದಿಗೆ ಕೂರಿಸಿದರು. ಹುಡುಗಿಯ ತುದಿ ಬೆಲ್ಲವನ್ನು ಎತ್ತಿಕೊಂಡು ನೆಲಕ್ಕೆ ಹೋಗಿ ಕೂತಿತು. ನೋಡಿದರೆ ಅವಳು ಸೀಟಿನ ಹಿಂದಿನ ಅಂಚಿನಲ್ಲಿ ಅರ್ಧ ಹೊರಗೆ ಕೂತಿದ್ದಳು, ಕೈಹಿಡಿ ಮುಂದೆಲ್ಲೋ ಇತ್ತು. ಹಿಂದಕ್ಕೆ ಕೂತಷ್ಟೂ ಭಾರ ಹೆಚ್ಚು ಎಳೆಯುತ್ತದೆ, ಗುಟ್ಟು ಇಲ್ಲಿದೆ ಎಂದು ನನಗೆ ಗೆಲುವಾಯಿತು.

"ಮುಂದಕ್ಕೆ ಬಂದು ಕೂತ್ಕೊಳಮ್ಮ, ಕಂಬಿ ಹಿಡ್ಕೊ" ಎಂದೆ.

"ಜಾಗ ಎಲ್ಲೈತೆ?" ಎಂದಳು ಹುಡುಗಿ.

ಅವಳ ಮುಂದೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಈಗಿನ ಮಕ್ಕಳಿಗೆ ಎದುರು ಮಾತಾಡುವುದನ್ನು ಮನೆಯಲ್ಲೇ ಕಲಿಸಿರುತ್ತಾರೆ ಎಂದುಕೊಂಡೆ. ಅಷ್ಟೊಂದು ಬೆಲ್ಲಕ್ಕೆ ಹಿಂದೆ ಕೂತರೂ ಮುಂದೆ ಕೂತರೂ ಅವಳು ಏಳಲೇಬೇಕಿತ್ತು.

ಬೆಲ್ಲದ ತುದಿಯನ್ನು ನಾನೇ ಒತ್ತಿದೆ, ಇಳಿಯಲಿಲ್ಲ. ಎರಡೂ ಕೈ ಊರಿ ಒತ್ತಿದೆ. ಮಂಕರಿಯ ಪಕ್ಕದಲ್ಲಿ ಪೈಪಿಗೆ ಹೊಟ್ಟೆ ಕೊಟ್ಟು ಜೋತುಬಿದ್ದೆ. ನಾನು ಸಣ್ಣ ಆಳಲ್ಲ, ನನ್ನ ಕಾಲು ನೆಲ ಬಿಟ್ಟಿತು. ಪೈಪು ಅಲುಗಲಿಲ್ಲ. ಮಹದೇವನನ್ನೂ ಕರೆದೆ, ಅವನೂ ಜೋತುಬಿದ್ದ. ಇಬ್ಬರು ಗಂಡಸರು, ಒಂದು ಮಂಕರಿ ಬೆಲ್ಲ. ಆ ಕಡೆ ಒಂದು ಗುಬ್ಬಚ್ಚಿ ಹುಡುಗಿ. ಅವಳು ಖುಷಿಯಾಗಿ ನಗತೊಡಗಿದಳು. ಮಕ್ಕಳೂ ನಕ್ಕವು. ನನಗೆ ಮುಖ ಬಿಸಿಯಾಯಿತು. ಕೆಳಗೆ ಬಗ್ಗಿ ನೋಡಿದೆ, ಯಾರಾದರೂ ತಂತಿ ಕಟ್ಟಿದ್ದಾರೋ, ಪೈಪು ಎಲ್ಲಾದರೂ ಸಿಕ್ಕಿಕೊಂಡಿದೆಯೋ ಎಂದು ಕೈಯಾಡಿಸಿದೆ. ಏನೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಜನ ಹೇಗೆ ಅರಳುತ್ತಾರೆ ಎಂಬುದನ್ನು ನೋಡಬೇಕು. ಬಿಳಿ ಬೂಟು ಹಾಕಿದ ನಿವೃತ್ತರೊಬ್ಬರು ಯಾವುದೋ ಹರಿಕಥೆ ನೆನೆದು, ಮನೆಗೆ ಓಡಿ, ಕುಂಡದಿಂದ ಒಂದು ದಳ ತುಳಸಿ ಕಿತ್ತು ತಂದರು. ಬೂಟು ಬಿಚ್ಚಿ, ಕಣ್ಣು ಮುಚ್ಚಿ, ಬೆಲ್ಲದ ಮೇಲೆ ಇಟ್ಟರು. ಎಲ್ಲರೂ ಕೈಮುಗಿದು ನಿಂತರು. ಏನೂ ಆಗಲಿಲ್ಲ. ಅವರು ಒಂದು ಕಣ್ಣು ತೆರೆದು ನೋಡಿ, ಮತ್ತೆ ಬೂಟು ಹಾಕಿಕೊಂಡು ಹಿಂದೆ ಸರಿದರು. ಯಾರೋ ಹೆಂಗಸು, ಮಗುವಿನ ಮೇಲೆ ಗಾಳಿ ಇದೆ, ಮೆಣಸಿನಕಾಯಿ ಸುಡಿ ಎಂದಳು. ಇನ್ನೊಬ್ಬಳು ಮೊಬೈಲಿನಲ್ಲಿ ಹಿಡಿಯುತ್ತಿದ್ದಳು. ಮೆಂಬರ್, "ಪೂಜೆ ಇನ್ನೊಂದ್ ದಿನ ಗ್ರಾಂಡಾಗಿ ಮಾಡಣ" ಎಂದ. ಇವರೆಲ್ಲರನ್ನೂ ಮಂಕರಿಯಲ್ಲಿ ತುಂಬಿದರೂ ಒಂದು ಅಚ್ಚು ಬೆಲ್ಲದ ತೂಕ ಬರಲಾರದು ಎಂದುಕೊಂಡೆ.

ಆ ಗದ್ದಲದಲ್ಲಿ ಚಿಕ್ಕತಾಯಮ್ಮ ಮಾತ್ರ ಸೀಟಿನ ಮೇಲೆ ಹುಡುಗಿಯ ಮುಂದಿದ್ದ ಖಾಲಿ ಜಾಗವನ್ನು ನೋಡುತ್ತಿದ್ದರು. ಆಮೇಲೆ "ಮಾದೇವ" ಎಂದು ಮಗನನ್ನು ಕರೆದರು. "ಅವುಂದೂ ಐತೆ ಕಣಪ್ಪ. ಅದುನ್ನ ಕೊಡ್ದೆ ಇದುನ್ನ ಹೆಂಗ್ ಕೊಟ್ಟೀವು?"

ಮಹದೇವ ತಲೆ ತಗ್ಗಿಸಿದ. ಯಾರದ್ದು ಎಂದು ನಾನು ಕೇಳಿದೆ. ಹೇಳಿದವರು ಅಜ್ಜಿ. ಹರ್ಷಿತಾಗೆ ಒಬ್ಬ ಅಣ್ಣನಿದ್ದ, ಚೇತನ. ಕೆಲವು ವರ್ಷದ ಹಿಂದೆ ಅವನಿಗೂ ಜ್ವರ ಬಂದಿತ್ತು. ಆಗಲೂ ಇದೇ ಹರಕೆ ಹೊತ್ತಿದ್ದರು, ಹುಡುಗ ಎದ್ದು ಓಡಾಡಿದ. ತುಲಾಭಾರ ಇವತ್ತು ನಾಳೆ ಎಂದು ಮುಂದಕ್ಕೆ ಹೋಯಿತು. ಶಿಫ್ಟ್ ಬದಲಾಗಲಿ, ಹಬ್ಬ ಕಳೆಯಲಿ, ರಜ ಸಿಗಲಿ. ಅಷ್ಟರಲ್ಲಿ ಮತ್ತೆ ಜ್ವರ ಬಂತು, ಹುಡುಗ ಉಳಿಯಲಿಲ್ಲ.

"ವೋದೋನ್ಗೆ ಹರ್ಕೆ ಯಾಕೆ ಅಂದ್ರು ಎಲ್ಲಾರೂ" ಎಂದರು ಅಜ್ಜಿ. "ನಾನೂ ಸುಮ್ಕಾಗ್ಬುಟ್ಟೆ. ಇದೇ ಸೀಸಾದ್ ಮ್ಯಾಲೆ ತಂಗೀನ ತನ್ ಹಿಂದ್ಕೆ ಕೂರಿಸ್ಕೊಂಡು ಆಡ್ಸೋನು ಕಣಪ್ಪ. ಒಂದ್ ದಿನ ಬೀಳಿಸ್ದೋನಲ್ಲ, ಮೆತ್ತಗೆ ಇಳ್ಸೋನು. ಆದ್ರೆ ಹಟ ಅಂದ್ರೆ ಹಟ ಅವುಂಗೆ. ತನ್ ಪಾಲು ಕೊಡೋಗಂಟ ಕುಂತ್ ಜಾಗ ಬುಟ್ಟು ಏಳ್ತಿರ್ಲಿಲ್ಲ."

ನನಗೆ ಮೈ ಉರಿಯಿತು. ಸತ್ತ ಹುಡುಗನನ್ನು ಎಳೆದು ತಂದು ಜೀವಂತ ಹುಡುಗಿಯ ಪಕ್ಕ ಕೂರಿಸುವುದೇ? ಆ ಮಗುವಿನ ಕಿವಿಗೆ ಬೀಳುವ ಹಾಗೆ? ಏನಾದರೂ ಅಂದುಬಿಡುತ್ತಿದ್ದೆ, ಆದರೆ ಮಹದೇವ ಆಗಲೇ ಬೈಕು ಹತ್ತಿ ಅಂಗಡಿಗೆ ಹೊರಟಿದ್ದ. ನಾನು ಗ್ರೀಸಿನ ಡಬ್ಬಿ ಮುಚ್ಚುತ್ತ ನಿಂತೆ. ತಾಯಿಯ ಜೊತೆ ಮಗನಿಗೂ ತಲೆ ಕೆಟ್ಟಿದೆ ಎಂದುಕೊಂಡೆ.

ಅವನು ಬೆಲ್ಲ ತಂದ. ಎಷ್ಟು ಹಾಕಬೇಕು ಎಂಬ ಪ್ರಶ್ನೆ ಬಂತು. ಚೇತನನ ತೂಕ ಬರೆದ ಚೀಟಿ ಯಾರ ಹತ್ತಿರವೂ ಇರಲಿಲ್ಲ. ಕುರಿ ಸಾಕುವವರು ಮರಿಯನ್ನು ಎರಡು ಕೈಯಲ್ಲಿ ಎತ್ತಿ ಎದೆಗಾನಿಸಿಕೊಂಡು ತೂಕ ಹೇಳುತ್ತಾರೆ, ಸಂತೆಯಲ್ಲಿ ನೋಡಿದ್ದೇನೆ. ಚಿಕ್ಕತಾಯಮ್ಮ ಅದನ್ನೇ ಮಾಡಿದರು. ಖಾಲಿ ಚೀಲಕ್ಕೆ ಅಚ್ಚು ಹಾಕಿಸಿ, ಚೀಲವನ್ನು ಸೊಂಟಕ್ಕೆ ಏರಿಸಿಕೊಂಡು, ಮಗು ಎತ್ತಿಕೊಂಡ ಹಾಗೆ ಒಂದು ಕೈ ಬಳಸಿ ನಿಂತರು. "ಇನ್ನೂ ಒಸಿ ಹಾಕು" ಎಂದರು. ಹಾಕಿದ. ಮತ್ತೆ ಎತ್ತಿಕೊಂಡರು. "ಇಷ್ಟ್ ಹಗುರ ಇರ್ಲಿಲ್ಲ ನನ್ ಕಂದ. ಹಾಕ್ಲಾ." ಮಹದೇವ ಅಳುತ್ತ ಹಾಕುತ್ತಿದ್ದ. ಕೊನೆಗೆ ಅವರು ಚೀಲವನ್ನು ಎತ್ತಿಕೊಂಡು, ಸಾಕೆಂದು ಮಗನ ಕೈ ತಡೆದರು. ಕಣ್ಣು ಮುಚ್ಚಿ ಎರಡು ಹೆಜ್ಜೆ ಆಚೆಗೆ, ಎರಡು ಹೆಜ್ಜೆ ಈಚೆಗೆ ತೂಗಿದರು. ಮೊಬೈಲು ಹಿಡಿದಿದ್ದ ಹೆಂಗಸು ಕೈ ಕೆಳಗಿಳಿಸಿದ್ದನ್ನು ನಾನು ನೋಡಿದೆ.

ಮೇಲಿದ್ದ ಮಂಕರಿಗೆ ಅವರ ಕೈ ಎಟುಕುತ್ತಿರಲಿಲ್ಲ. ಮಹದೇವ ಅವರ ಜೊತೆ ಚೀಲವನ್ನು ಎತ್ತಿ ಹಿಡಿದ. "ಇದು ನಿಂದು ಕಣಪ್ಪ ಚೇತನ" ಎಂದು ಅಜ್ಜಿ ಚೀಲವನ್ನು ಮಂಕರಿಯೊಳಗೆ ಇಟ್ಟರು.

ಇಬ್ಬರು ಗಂಡಸರು ಜೋತುಬಿದ್ದರೂ ಅಲುಗದ ಪೈಪು ಇಳಿಯತೊಡಗಿತು. ನಿಧಾನವಾಗಿ ಬೆಲ್ಲ ಕೆಳಗೆ ಬಂತು, ಹುಡುಗಿ ಮೇಲೆ ಬಂದಳು. ಎರಡೂ ಸಮನಾದ ಕಡೆ ನಿಂತಿತು. ನಾನು ನನ್ನ ಕಣ್ಣನ್ನೂ ನಂಬುವವನಲ್ಲ, ಚೀಲದಿಂದ ರಸಮಟ್ಟ ತೆಗೆದು ಪೈಪಿನ ಮೇಲೆ ಇಟ್ಟೆ. ಅದರ ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು. ನನ್ನ ಶೆಡ್ಡಿನಲ್ಲಿ ಎರಡು ತುದಿಗೂ ಕಬ್ಬಿಣ ತೂಗಿ ಹಾಕಿದರೂ ಅಷ್ಟು ಮಟ್ಟವಾಗಿ ನಿಲ್ಲಿಸುವುದು ನನ್ನ ಕೈಲಾಗದು.

ಹೆಂಗಸರು ಗೋವಿಂದ ಕೂಗಿದರು. ಮೆಂಬರ್ ಎಲ್ಲರಿಗಿಂತ ಜೋರಾಗಿ ಕೂಗಿದ. ಮಹದೇವ ಮಗಳನ್ನು ಎರಡು ಕೈಯಲ್ಲಿ ಎತ್ತಿ ಕೆಳಗಿಳಿಸಿದ.

ಆಗ ಅಲ್ಲಿದ್ದವರು ಒಬ್ಬೊಬ್ಬರೇ ಸೀಸಾದ ಕಡೆ ತಿರುಗಿದರು. ಒಂದು ತುದಿಯಲ್ಲಿ ಇಬ್ಬರು ಮಕ್ಕಳ ತೂಕದ ಬೆಲ್ಲ. ಇನ್ನೊಂದು ತುದಿಯಲ್ಲಿ ಯಾರೂ ಇಲ್ಲ. ಪೈಪು ಹಾಗೇ ಮಟ್ಟವಾಗಿ ನಿಂತಿತ್ತು. ರಸಮಟ್ಟ ಇನ್ನೂ ಅದರ ಮೇಲೇ ಇತ್ತು, ಗುಳ್ಳೆ ನಡುವೆಯೇ ಇತ್ತು. ನಾನು ಬೇರಿಂಗಿನ ಹತ್ತಿರ ಹೋಗಬೇಕೆಂದುಕೊಂಡೆ. ಹೋಗಲಿಲ್ಲ. ಭಯವಾಯಿತು, ಮುಚ್ಚಿಡುವುದೇನು.

ಚಿಕ್ಕತಾಯಮ್ಮ ಖಾಲಿ ಸೀಟಿನ ಹತ್ತಿರ ಹೋಗಿ, ಕೈಹಿಡಿಯ ಮೇಲೆ ಕೈ ಇಟ್ಟರು. ಸಂಜೆ ಆಟ ಮುಗಿಸಿ ಮನೆಗೆ ಕರೆಯುವ ದನಿಯಲ್ಲಿ, "ಆಯ್ತು ಕಣ್ ಮಗ. ತಂಗಿ ಇಳುದ್ಲು. ನೀನೂ ಇಳಿ" ಎಂದರು.

ಬೆಲ್ಲದ ತುದಿ ಇಳಿಯಿತು. ಬೀಳಲಿಲ್ಲ, ಇಳಿಯಿತು. ಅಷ್ಟು ಭಾರ, ಎದುರಿಗೆ ಏನೂ ಇಲ್ಲ, ಒಂದೇ ಏಟಿಗೆ ಬಡಿದು ಟೈರು ಸೀಳಬೇಕಿತ್ತು. ಆ ಕಡೆ ಯಾರೋ ಕೈಹಿಡಿ ಬಿಡದೆ ಕಾಲೂರಿಕೊಂಡು ಎದುರಿನವರನ್ನು ಇಳಿಸುವ ಹಾಗೆ ಮೆಲ್ಲಗೆ ಬಂದು ಟೈರನ್ನು ಮುಟ್ಟಿತು. ಸದ್ದೇ ಆಗಲಿಲ್ಲ. ಮಂಕರಿಯಲ್ಲಿ ಚೀಲದ ಪಕ್ಕಕ್ಕೆ ಉಳಿದಿದ್ದ ತುಳಸಿಯ ದಳ ಕೂಡ ಅಲುಗಲಿಲ್ಲ.

ಆಮೇಲೆ ಆದದ್ದನ್ನು ಹೇಳಬೇಕೆಂದರೆ ನನ್ನ ಹಳೆಯ ನಾಲಿಗೆ ವಾಪಸು ಬರುತ್ತದೆ. ಒಂದು ವಾರದಲ್ಲಿ ಸೀಸಾಕ್ಕೆ ಕೆಂಪು ಹಳದಿ ದಾರ ಸುತ್ತಿದರು. ಚಪ್ಪಲಿ ಹೊರಗೆ ಬಿಡಿ ಎಂದು ಬೋರ್ಡು ಬಂತು. ಯಾವ ಮಗುವನ್ನೂ ಅದರ ಮೇಲೆ ಕೂರಲು ಬಿಡಲಿಲ್ಲ. ಮೆಂಬರ್ ಒಂದು ಸಣ್ಣ ಮಂಟಪದ ನಕ್ಷೆ ಮಾಡಿಸಿ, ಅದರ ಗ್ರಿಲ್ಲು ನೀವೇ ಮಾಡಿಕೊಡಿ ಎಂದು ನನ್ನ ಹತ್ತಿರ ಬಂದ. ನಾನು ಸೀಮೆಎಣ್ಣೆ, ಬಟ್ಟೆ, ಕತ್ತರಿ ತೆಗೆದುಕೊಂಡು ಹೋಗಿ, ದಾರವನ್ನೆಲ್ಲ ಕತ್ತರಿಸಿ, ಕುಂಕುಮ ಒರೆಸಿ, ಬೋರ್ಡು ಕಿತ್ತು ಸ್ಕೂಟರಿಗೆ ಕಟ್ಟಿಕೊಂಡು ಬಂದೆ. ಅದು ಮಕ್ಕಳು ಕೂರುವ ಜಾಗ, ಕೂತಿದ್ದವನೂ ಮಗುವೇ ಎಂದು ಹೇಳಿದೆ. ಹೇಳಿದ ಮೇಲೆ, ನಾನು ಏನು ಹೇಳಿಬಿಟ್ಟೆ ಎಂದು ನನಗೇ ಗಾಬರಿಯಾಯಿತು. ಅಲ್ಲಿದ್ದವರು ಮಾತ್ರ ದಾರ ಕತ್ತರಿಸಿದ ಪಾಪ ನನಗೆ ಹೇಗೆ ತಟ್ಟುತ್ತದೆ ಎಂಬ ಚಿಂತೆಯಲ್ಲಿದ್ದರು.

ತಿಳಿದವರನ್ನೂ ಕೇಳಿದ್ದೇನೆ. ಕಾಲೇಜಿನ ಮೇಷ್ಟರೊಬ್ಬರು ಅದು ಸಾಮೂಹಿಕ ಭ್ರಮೆ ಎಂದರು. ನನ್ನ ಕಾಲು ನೆಲ ಬಿಟ್ಟದ್ದು ಯಾರ ಭ್ರಮೆ ಎಂದು ಕೇಳಿದರೆ ನಕ್ಕರು. ನನ್ನ ಜೊತೆ ಕೆಲಸ ಕಲಿತವನೊಬ್ಬ, ಬೇರಿಂಗಿನೊಳಗೆ ಮರಳು ಸೇರಿ ಹಿಡಿದು ಬಿಟ್ಟಿರುತ್ತದೆ ಎಂದ. ಆ ಬೇರಿಂಗನ್ನು ನಾನೇ ಬಿಚ್ಚಿ ನೋಡಿದೆ, ಕನ್ನಡಿಯ ಹಾಗಿತ್ತು. ದೇವರ ಮಹಿಮೆ ಎಂದವರ ಜೊತೆ ನಾನು ಮಾತು ಬೆಳೆಸಲಿಲ್ಲ. ದೇವರು ಅಲ್ಲಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ, ಆ ಸೀಟಿನಲ್ಲಂತೂ ಅವನಿಗೆ ಜಾಗವಿರಲಿಲ್ಲ.

ನಾನು ಈಗಲೂ ಸೀಸಾ ಮಾಡುತ್ತೇನೆ. ಹೊಸದೊಂದನ್ನು ಎಲ್ಲಾದರೂ ನಿಲ್ಲಿಸಿದಾಗ, ಮಕ್ಕಳು ಬರುವ ಮೊದಲು, ಒಂದು ತುದಿಗೆ ಮರಳು ಮೂಟೆ ಕಟ್ಟಿ, ಮಟ್ಟಕ್ಕೆ ಎತ್ತಿ, ಖಾಲಿ ತುದಿಯಿಂದ ಕೈ ಬಿಡುತ್ತೇನೆ. ಬೋಲ್ಟು ಬಿಗಿ ಇದೆಯೋ ನೋಡುವುದಕ್ಕೆ ಎಂದು ಕೆಲಸದವರಿಗೆ ಹೇಳುತ್ತೇನೆ. ಕೈ ಬಿಟ್ಟು, ಕಿವಿಗೊಟ್ಟು ನಿಲ್ಲುತ್ತೇನೆ. ಪ್ರತಿ ಸಲವೂ ಧಡ್ ಎಂದು ಟೈರಿಗೆ ಬಡಿಯುತ್ತದೆ.